ಹೆಕ್ಕತ್ತು

ಇವತ್ತು ಮಂಗಳವಾರ.
ಅಜ್ಜ ಇದ್ದಿದ್ದರೆ ಕತ್ತಿ ಮುಟ್ಟಗೊಡುತ್ತಿರಲಿಲ್ಲ.
ಬ್ಯಾಲರಾಟಿನ ನನ್ನ ಅಂಗಡಿಯಲ್ಲಿ ಬೆಳಗಿನಿಂದ ಸಾಲು:
ನಾಳೆ ಏಪ್ರಿಲ್ ಇಪ್ಪತ್ತೈದು, ಆನ್ಜಾಕ್ ದಿನ,
ನಸುಕಿಗೆ ಎಲ್ಲರ ತಲೆಯೂ ಓರಣವಾಗಿರಬೇಕು.

ನಾರ್ಮನ್ ಟ್ರೆಗೆಂಜಾ, ಎಂಬತ್ತನಾಲ್ಕು,
ಕೋಲನ್ನು ಬಾಗಿಲಿಗೆ ಒರಗಿಸಿ ಕೂತ.
ಪದಕಗಳ ಕೋಟು ಆಗಲೇ ತೊಟ್ಟು ಬಂದಿದ್ದಾನೆ,
ಬಲ ಎದೆಯ ಮೇಲೆ.
ಎಡಕ್ಕಿದ್ದರೆ ಸ್ವಂತದ್ದು, ಬಲಕ್ಕಿದ್ದರೆ ಮನೆಯವರದ್ದು,
ಈ ಊರಿಗೆ ಬಂದ ಆರನೇ ವರ್ಷ ಕಲಿತ ವ್ಯಾಕರಣ.
ಬಟ್ಟೆ ಹೊದಿಸಿದೆ. ಒಳಗೆ ಒಮ್ಮೆ ಕಿಣಿಗುಟ್ಟಿ ಸುಮ್ಮನಾದವು.
"ಹೋದ ಸಲದ ಹಾಗೇ" ಅಂದ.

ನಮ್ಮಜ್ಜ ಗಿಡ್ಡಯ್ಯ, ಹಿರಿಯೂರಿನವನು,
ಪಲ್ಟನ್ನಿನ ಜೊತೆ ಬರ್ಮಾ ಗಡಿಗೆ ಹೋದವನು.
ಕಾಗದದಲ್ಲಿ ಸಿಪಾಯಿಯಲ್ಲ, ಹಿಂಬಾಲಕ.
ಬಂದೂಕು ಕೊಡಲಿಲ್ಲ. ಒಂದು ಕತ್ತಿ, ಮಸೆಗಲ್ಲು,
ಚರ್ಮದ ಪಟ್ಟಿ, ಮುನ್ನೂರು ತಲೆ.
ಕೆಸರಲ್ಲಿ, ಹೇಸರಗತ್ತೆಗಳ ನಡುವೆ ಕುಕ್ಕರುಗಾಲಲ್ಲಿ
ನಾಳೆ ಮುಂದಕ್ಕೆ ಹೋಗುವವರಿಗೆ ಇವತ್ತು ಬೋಳಿಸಿದ;
ನಾಡಿದ್ದು ಅವರನ್ನೇ ಹೊತ್ತು ತಂದರೆ
ಮತ್ತೊಮ್ಮೆ ಬೋಳಿಸಿದ.
ಸತ್ತ ಮೇಲೂ ಗಡ್ಡ ಒಂದು ದಿನ ಬೆಳೆಯುತ್ತೆ ಕಣೋ, ಅನ್ನುತ್ತಿದ್ದ,
ಸುದ್ದಿ ಮುಟ್ಟಿರೋದಿಲ್ಲ ಅದಕ್ಕೆ.

ಹೆಸರು ಅವನಿಗೆ ಗೊತ್ತಿರಲಿಲ್ಲ, ಭಾಷೆಯೂ ಬೇರೆ.
ಸುಳಿ ಗೊತ್ತಿತ್ತು. ಕಿವಿ ಹಿಂದಿನ ಮಚ್ಚೆ ಗೊತ್ತಿತ್ತು.
ನೆತ್ತಿಯಲ್ಲಿ ಜೋಡಿ ಸುಳಿಯ ಹುಡುಗನೊಬ್ಬನಿಗೆ
ನಿನಗೆ ಎರಡು ಮದುವೆ ಎಂದು
ಬೆರಳೆತ್ತಿ ತೋರಿಸಿ ನಗಿಸಿದ್ದನಂತೆ.
ಕಥೆ ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ.
ಅಜ್ಜ ಎದ್ದು ಪಟ್ಟಿಗೆ ಕತ್ತಿ ತೀಡುತ್ತಿದ್ದ,
ಹರಿತವಿದ್ದರೂ.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟಾಗ
ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದ.
ಇದ್ಯಾರಿಗೆ, ಎಂದು ಅಜ್ಜಿ ಕೇಳಿದರೆ,
ಗಿರಾಕಿಗಳಿಗೆ.

ನಾರ್ಮನ್ನನ ನೆತ್ತಿಯಲ್ಲೂ ಎರಡು ಸುಳಿ.
ಒಂದು ಮದುವೆಯೂ ಆಗಿಲ್ಲ ಅವನಿಗೆ; ಅದನ್ನು ಎತ್ತಲಿಲ್ಲ.
ನಿಮ್ಮಣ್ಣನಿಗೂ ಹೀಗೇ ಇತ್ತೆ, ಅಂದೆ.
ಕನ್ನಡಿಯೊಳಗಿಂದ ನೋಡಿದ.
"ಗೊತ್ತಿಲ್ಲ. ನನಗೆ ಆಗ ಏಳು.
ಲೆಸ್‌ನ ಮುಖ ಅಂತ ಇರೋದು ಫೋಟೋದ್ದು,
ಅದು ನನ್ನ ನೆನಪಲ್ಲ, ಅಮ್ಮ ದಿನಾ ಒರೆಸುತ್ತಿದ್ದ ಗಾಜು.
ನನ್ನದು ಅಂತ ಒಂದೇ:
ಗೇಟು ದಾಟಿ ಸ್ಟೇಷನ್ ಕಡೆ ಹೋಗುತ್ತಿದ್ದ ಅವನ ಹೆಕ್ಕತ್ತು.
ಅವತ್ತೇ ಕತ್ತರಿಸಿದ್ದು. ಬಿಳಿಚಿಕೊಂಡಿತ್ತು.
ನಿನ್ನಂಥವನೇ ಯಾವನೋ
ಎಡಗಡೆ ಕೊಂಚ ಓರೆ ಮಾಡಿದ್ದ."

ಆಮೇಲೆ ಸಿಂಗಪುರ, ಸೆರೆ, ಹಳಿ ಹಾಕುವ ಕಾಡು,
ಆಮೇಲೆ ಟೆಲಿಗ್ರಾಂ.
ಅದೆಲ್ಲ ಕಲ್ಲಿನ ಮೇಲೆ ಇದೆ, ಅಂದ.

ಕೆಲಸ ಮುಗಿಸಿ ಕೈಗನ್ನಡಿ ಹಿಂದೆ ಹಿಡಿದೆ.
ಎಲ್ಲರೂ ಒಮ್ಮೆ ನೋಡಿ ತಲೆಯಾಡಿಸಿ ಏಳುತ್ತಾರೆ.
ಅವನು ಏಳಲಿಲ್ಲ.
ನೋಡುತ್ತಲೇ ಇದ್ದ, ನನ್ನ ಕೈ ಸೋಲುವ ತನಕ,
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮುವ ತನಕ.
"ನೇರವಾಗಿದೆ" ಅಂದ ಕೊನೆಗೆ,
ದೂರಿನ ಹಾಗೆ.

ದುಡ್ಡು ಬೇಡವೆಂದರೂ ಮೇಜಿನ ಮೇಲಿಟ್ಟು ಹೋದ.
ಸಂಜೆ ಗುಡಿಸಿದೆ: ನರೆ, ಅರೆನರೆ,
ನಡುವೆ ಯಾವುದೋ ಹುಡುಗನ ಕೆಂಗೂದಲು.

ನಸುಕು. ಕೈಯೆಲ್ಲ ಮರಗಟ್ಟುವ ಚಳಿ.
ಮುಂದೆ ಯಾರೋ ಹೆಸರು ಓದುತ್ತಿದ್ದಾರೆ,
ಗಾಳಿಗೆ ಅರ್ಧ ಹೆಸರು ಮಾತ್ರ ಇಲ್ಲಿಗೆ ಬರುತ್ತಿದೆ.
ಅಜ್ಜನಿಗೆ ಪದಕ ಕೊಟ್ಟರೋ ಇಲ್ಲವೋ, ಮನೆಯಲ್ಲಂತೂ ಸಿಗಲಿಲ್ಲ.
ನನ್ನ ಬಲ ಜೇಬಿನಲ್ಲಿ ಒಂದು ಬಾಚಣಿಗೆ ಇದೆ,
ತೆಗೆದಿಡಲು ಮರೆತದ್ದು.
ಎಲ್ಲರಿಗಿಂತ ಹಿಂದೆ ನಿಂತಿದ್ದೇನೆ.
ಟೋಪಿ ತೆಗೆದ ಸಾಲು ಸಾಲು ಹೆಕ್ಕತ್ತು,
ನಿನ್ನೆ ನಾನೇ ಮಾಡಿದವು, ಮಬ್ಬಿನಲ್ಲಿ ಬಿಳಿಚಿಕೊಂಡು.
ಬ್ಯೂಗಲ್ ನಿಂತಿತು.
ಯಾರೂ ತಿರುಗಿ ನೋಡಲಿಲ್ಲ.